ನೀಲಿ ಲಾರಿಯ ಬ್ರೇಕು

ಅಯ್ಯೋ, ಮತ್ತೆ ಕೊಂದೆಯಲ್ಲಮ್ಮಾ ಇಂಜಿನ್ನನ್ನ! ಏಳನೇ ಸಲ. ಏಳು! ನಾನೇನೂ ಎಣಿಸ್ತಿಲ್ಲ, ಬೆರಳು ತಾನಾಗೇ ಮಡಚಿಕೊಳ್ತಾ ಇದೆ, ಏನ್ಮಾಡ್ಲಿ? ಇರು, ಇರು, ಕೀಲಿ ತಿರುಗಿಸಬೇಡ. ಮೊದಲು ಗೇರು ಬಿಡಿಸು. ನಡುವಿಗೆ ತಾ. ಅಲ್ಲಾಡಿಸಿ ನೋಡು... ಸಡಿಲ ಇದೆಯಾ? ಹಾಂ. ಅದೇ ನ್ಯೂಟ್ರಲ್ಲು. ಈಗ ತಿರುಗಿಸು.

ಯಾಕೆ ನಗ್ತೀಯ? ನಾನು ಡ್ಯಾಶ್‌ಬೋರ್ಡ್ ಹಿಡ್ಕೊಂಡಿದ್ದಕ್ಕಾ? ಹಿಡ್ಕೊಳ್ಳದೆ ಇನ್ನೇನು ಮಾಡ್ಲಿ! ನಿನ್ನ ಮಾವನ ಎಪ್ಪತ್ತೆರಡು ವರ್ಷದ ಮೂಳೆ ಇದು. ಕಟ್ಟಿಸಿದ ಹಲ್ಲು ಬೇರೆ. ನೀನು ಕ್ಲಚ್ ಬಿಟ್ಟಾಗೆಲ್ಲ ಮೇಲಿನ ಸಾಲು ಕೆಳಗಿನ ಸಾಲನ್ನ ವಿಚಾರಿಸಿಕೊಳ್ತಾ ಇದೆ. ನಗು, ನಗು. ನಿನ್ನ ಗಂಡನ ಮುಂದೆ ಹೇಳಿ ಇನ್ನೊಂದು ಸಲ ನಗು. ಪಾಪ, ಅವನಿಗೂ ನಗೋಕೆ ಏನಾದ್ರೂ ಬೇಕಲ್ಲ, ಮೂರು ವಾರದಿಂದ ಕಾಲಿಗೆ ಕಬ್ಬಿಣದ ಸಲಾಕೆ ಹಾಕಿಸ್ಕೊಂಡು ಮಂಚದ ಮೇಲೆ ಬಿದ್ದಿದಾನೆ.

ಸರಿ, ಸರಿ. ಗಂಟೆ ಎಷ್ಟು? ಎರಡೂವರೆ? ಆಗಲೇ ಎರಡೂವರೆಯಾ! ಇವತ್ತು ಶನಿವಾರ. ಸೋಮವಾರ ಅಕ್ಟೋಬರ್ ಒಂದನೇ ತಾರೀಕು. ಸಕ್ಕರೆ ಕಾರ್ಖಾನೆಯವರು ಗೇಟು ತೆಗೆದರು ಅಂದ್ರೆ ಇಡೀ ಕಣಿವೆ ಒಟ್ಟಿಗೆ ಬೀಟುಗಡ್ಡೆ ಕೀಳೋಕೆ ಇಳಿಯುತ್ತೆ, ಹನ್ನೆರಡು ದಿನ, ಹಗಲು ಇರುಳು ಅನ್ನದೆ. ಬಿಸಿಲು ಜಾಸ್ತಿಯಾದ್ರೆ ನಿಲ್ಲಿಸು ಅಂತಾರೆ, ಹಿಮ ಬಿದ್ರೆ ನಿಲ್ಲಿಸು ಅಂತಾರೆ. ನಮ್ಮ ಡ್ರೈವರ್ ಕಾಲು ಮುರ್ಕೊಂಡಿದಾನೆ, ಸ್ವಲ್ಪ ನಿಲ್ಲಿ ಅಂದ್ರೆ ಯಾರೂ ಕೇಳಲ್ಲ. ಆ ಮೋಡ ನೋಡು. ಉತ್ತರದಲ್ಲಿ. ಕಂಡಿತಾ? ನನಗೆ ಅದು ಹಿಡಿಸ್ತಾ ಇಲ್ಲ.

ಮುಂದೆ ನೋಡು ಮುಂದೆ, ಮೋಡ ನೋಡಿದ್ದು ಸಾಕು!

ಎಡಗಾಲು. ಕ್ಲಚ್ಚು ಪೂರ್ತಿ ನೆಲಕ್ಕೆ. ನಿಂತಿದ್ದಾಗ ಪೂರ್ತಿ, ಓಡ್ತಾ ಇರೋವಾಗ ಅರ್ಧ, ಇದು ಮರೀಬೇಡ. ಎರಡನೇ ಗೇರು. ಒಂದನೆಯದು ಲೋಡು ತುಂಬಿದಾಗ. ಬಂತಾ? ಈಗ ಆ ಹಳದಿ ಗುಂಡಿ ಒಳಗೆ ತಳ್ಳು. ಉಸ್ಸ್... ಹೆದರ್ಕೋಬೇಡ, ಗಾಳಿ ಅದು. ಬ್ರೇಕು ಬಿಡ್ತು. ಈಗ ಕಾಲು... ಎತ್ತಬೇಡ! ಬಿಡು. ಎತ್ತೋದು ಬೇರೆ, ಬಿಡೋದು ಬೇರೆ. ಮಲಗಿರೋ ಮಗು ತಲೆ ಕೆಳಗಿಂದ ಕೈ ತೆಗೀತೀವಲ್ಲ, ಹಾಗೆ. ಇನ್ನೂ... ಇನ್ನೂ ಸ್ವಲ್ಪ... ಎಕ್ಸಿಲರೇಟರ್ ಮುಟ್ಟಬೇಡ! ಮುಟ್ಟಬೇಡ ಅಂದ್ನಲ್ಲ! ಇದು ಮಕ್ಕಳನ್ನ ಸ್ಕೂಲಿಗೆ ಬಿಡೋ ನಿನ್ನ ವ್ಯಾನಲ್ಲ ಎಲಿಡಾ, ಇದರ ಇಂಜಿನ್ನು ಸುಮ್ಮನೆ ಗೊರಗೊರ ಅಂತಿದ್ರೂ ಸಾಕು, ಇಪ್ಪತ್ತು ಟನ್ನು ಎಳೆಯುತ್ತೆ...

ಹಾ! ಹೊರಟಿತು! ನೋಡಿದೆಯಾ? ಸ್ವಲ್ಪ ಕುಂಟಿತು, ಆದ್ರೂ ಹೊರಟಿತು. ಹೋಗಲಿ ಹೋಗಲಿ, ನೆಟ್ಟಗೆ ಹೋಗಲಿ. ಗೋಧಿ ಕೊಯ್ದ ಹೊಲ, ಕೂಳೆ ಬಿಟ್ಟು ಇಲ್ಲಿ ಸಾಯೋಕೆ ಯಾರೂ ಇಲ್ಲ.

ಏನು? ಹೌದಮ್ಮಾ, ಮೂರಕ್ಕೆ ಹಾಕಬೇಕು. ಹೇಳ್ತೀನಿ. ಒತ್ತು, ನಡುವಿಗೆ, ಬಿಡು. ಮತ್ತೆ ಒತ್ತು, ಗೇರಿಗೆ, ಬಿಡು. ಎರಡು ಸಲ ಕ್ಲಚ್ಚು, ಒಂದು ಸಲ ಗೇರು. ಯಾಕೆ ಎರಡು ಸಲ ಅಂದ್ರೆ... ಹಳೇ ಲಾರಿ, ಅದಕ್ಕೆ ಎರಡೆರಡು ಸಲ ಹೇಳ್ಬೇಕು, ನಿನ್ನ ಗಂಡನ ಹಾಗೆ. ಹಾಕು... ಕರ್‌ರ್‌ರ್... ಅಬ್ಬಬ್ಬ! ಹಲ್ಲು ಕಡೀತಾ ಇದೆ. ಬಲವಂತ ಮಾಡಬೇಡ. ಬಿಟ್ಟು ಮತ್ತೆ ಶುರು ಮಾಡು.

ಸಿಟ್ಟಾಗಬೇಡ. ಲಾರಿ ಸರಿಯಿಲ್ಲ ಅಂತ ಬೈಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮಮ್ಮನ್ನ ನೆನಪು ಮಾಡ್ಕೊ. ಯಾಕೆ ಅಂತೀಯಾ? ನಿಮ್ಮಮ್ಮ ಪ್ರತಿ ಬೇಸಿಗೆ ಟೆಕ್ಸಸ್‌ನಿಂದ ಬಂದು ಇದೇ ಹೊಲದಲ್ಲಿ ಬೀಟಿನ ಸಾಲಲ್ಲಿ ಕಳೆ ಕೆತ್ತೋಳಲ್ಲ, ನಾನು ಟ್ರ್ಯಾಕ್ಟರ್ ಮೇಲೆ ಕೂತು ನೋಡ್ತಿದ್ದೆ. ಉದ್ದ ಹಿಡಿಯ ಗುದ್ದಲಿ. ಎರಡು ಏಟು, ಒಂದು ಹೆಜ್ಜೆ. ಎರಡು ಏಟು, ಒಂದು ಹೆಜ್ಜೆ. ಅರ್ಧ ಮೈಲಿ ಸಾಲು, ಒಂದು ಸಲವೂ ತಾಳ ತಪ್ಪಿದ್ದು ನೋಡಲಿಲ್ಲ ನಾನು. ಅಷ್ಟೇ ಇದು. ಎರಡು ಏಟು, ಒಂದು ಹೆಜ್ಜೆ.

...ಆಗ ಅವಳ ಹೆಸರೇನು ಅಂತಲೂ ಕೇಳಿರಲಿಲ್ಲ. ಆರು ಬೇಸಿಗೆ. ನೀರು ಬೇಕಾ ಅಂತಲೂ ಕೇಳಲಿಲ್ಲ. ಈಗ ನೆನೆಸ್ಕೊಂಡ್ರೆ ನಾಚಿಕೆಯಾಗುತ್ತೆ ಕಣಮ್ಮಾ. ಬಿಡು. ಹಾಕು ಮೂರಕ್ಕೆ.

ಓ... ಓಹೋಹೋ! ಬೆಣ್ಣೆ! ಬೆಣ್ಣೇಲಿ ಚಾಕು ಇಳಿದ ಹಾಗೆ! ಇದು ನಿಮ್ಮಮ್ಮನ ಮಗಳು! ನಾಲ್ಕಕ್ಕೆ ಹಾಕು. ಒತ್ತು, ನಡು, ಬಿಡು, ಒತ್ತು, ಗೇರು, ಬಿಡು... ಹಾಂ! ನಿನ್ನ ಗಂಡ ಬ್ರೆಂಟ್‌ಗೆ ಇದು ಬರೋಕೆ ಹದಿನೈದು ದಿನ ಹಿಡೀತು, ಗೊತ್ತಾ? ಹೇಳಬೇಡ ಅವನಿಗೆ. ಅಲ್ಲ, ಹೇಳು. ಉರ್ಕೊಳ್ಳಲಿ.

ಅವನು ಏನಂದ ಬೆಳಿಗ್ಗೆ? ನೀನು ಹೊರಡೋವಾಗ ಏನೋ ಪಿಸಪಿಸ ಅಂತಿದ್ನಲ್ಲ. 'ಅಪ್ಪನ್ನ ಸ್ಟೇರಿಂಗ್ ಮುಟ್ಟೋಕೆ ಬಿಡಬೇಡ' ಅಂದ್ನಾ? ಗೊತ್ತು ನಂಗೆ. ಮಲಗಿದ ಕಡೆಯಿಂದಲೇ ಹುಕುಂ. ಅಪ್ಪ ಕಲಿಸಲಿ, ಅಪ್ಪ ಕಾಫಿ ಕುಡೀಲಿ, ಅಪ್ಪ ರೇಡಿಯೋ ಕೇಳಲಿ. ಅಪ್ಪ ಓಡಿಸಬಾರದು. ನಲವತ್ತೊಂಬತ್ತು ಸುಗ್ಗಿ ಓಡಿಸಿದೀನಿ ನಾನು! ನೀನು ಈ ಕೆಂಪು ಲಾರಿ, ನಾನು ನೀಲಿ ಲಾರಿ. ಅಷ್ಟೇ. ಬಾಡಿಗೆ ಡ್ರೈವರ್ ಎಲ್ಲಿ ಸಿಗ್ತಾನೆ ಈಗ? ಹೋದ ವರ್ಷ ನಮ್ಮ ಪಾದ್ರಿಗಳೇ ರಜ ಹಾಕಿ ಓಡಿಸಿದ್ರು. ಈ ಸಲ ಅವರನ್ನೂ ಯಾರೋ ಮೊದಲೇ ಹಿಡ್ಕೊಂಡುಬಿಟ್ಟಿದಾರೆ.

ಈಗ ನಿಧಾನ ಮಾಡು. ಇನ್ನೂ. ನಾನೀಗ ಬೀಟು ಕೀಳೋ ಯಂತ್ರ ಅಂದ್ಕೊ. ನಿನ್ನ ಎಡಕ್ಕೆ ಯಂತ್ರ ಹೋಗ್ತಾ ಇರುತ್ತೆ, ಅದರ ಕೈ ನಿನ್ನ ಲಾರಿ ಮೇಲೆ ಚಾಚಿರುತ್ತೆ, ಬೀಟು ಧಬಧಬ ಬೀಳ್ತಾ ಇರುತ್ತೆ. ಅದು ನಡೆದಷ್ಟೇ ನೀನು ನಡೀಬೇಕು. ನೀನು ಹಾರಿದ್ರೆ ಬೀಟೆಲ್ಲ ನೆಲದ ಮೇಲೆ, ಹಿಂದೆ ಬಿದ್ರೆ ಆ ಕೈ ಲಾರಿ ತಲೆಗೆ ಬಡಿಯುತ್ತೆ. ರಸ್ತೆ ನೋಡಬೇಡ, ಯಂತ್ರದವನ ಕೈ ನೋಡು. ಮುಂದೆ ಅಂದ್ರೆ ಮುಂದೆ, ಸಾಕು ಅಂದ್ರೆ ಸಾಕು. ಆಮೇಲೆ ರಾಶಿ ಹಾಕೋ ಕಡೆ ಹೋದಾಗ ಅಲ್ಲೂ ಹಾಗೇ. ಅಲ್ಲಿ ಒಬ್ಬ ಹೆಂಗಸು ನಿಂತಿರ್ತಾಳೆ, ಪರೀಕ್ಷೆಗೆ ಬೀಟು ತುಂಬೋ ಚೀಲ ಕೈಲಿ ಹಿಡ್ಕೊಂಡು, ಲಾರಿ ಹಿಂದೆ ಮುಂದೆ ಓಡಾಡ್ತಾ ಇರ್ತಾಳೆ. ಅವಳು ಕೈ ಬೀಸೋ ತನಕ ಕ್ಲಚ್ಚು ಒತ್ತಿದ ಕಾಲು ಒತ್ತಿದ ಹಾಗೇ ಇರಬೇಕು. ಗಡಿಯಾರದ ಮುಳ್ಳು ನಿಂತರೂ ನಿನ್ನ ಕಾಲು ಕದಲಬಾರದು.

ನಿಲ್ಲಿಸು. ಇಲ್ಲಿ ನಿಲ್ಲಿಸು. ಕ್ಲಚ್ಚು, ಬ್ರೇಕು, ನಡುವಿಗೆ. ಹಳದಿ ಗುಂಡಿ ಎಳಿ. ಉಸ್ಸ್. ಭೇಷ್!

ಗುಂಡಿನ ಇನ್ನೂ ಹಿಡ್ಕೊಂಡೇ ಇದೀಯಲ್ಲ ನೀನು? ಯಾಕಮ್ಮಾ? ಚೆನ್ನಾಗೇ ಓಡಿಸಿದೆಯಲ್ಲ... ಏನು? ಓ. ಆ ಹೆಂಗಸು. ಬ್ರೇಕು ಕೈಕೊಟ್ರೆ ಅವಳ ಗತಿ ಏನು ಅಂತಾನಾ? ಅಯ್ಯೋ ಹುಚ್ಚಿ. ಅದಕ್ಕೆ ಹಿಡ್ಕೊಂಡಿದೀಯಾ? ನೋಡಿಲ್ಲಿ. ಈ ಗುಂಡಿ ಎಳೆದೆಯಲ್ಲ, ಗಾಳಿ ಹೊರಗೆ ಹೋಯ್ತು. ಹೋದಾಗ ಏನಾಯ್ತು? ಒಳಗಿರೋ ದೊಡ್ಡ ಸ್ಪ್ರಿಂಗು ಚಕ್ರವನ್ನ ಕಚ್ಚಿ ಹಿಡ್ಕೊಳ್ತು. ಗಾಳಿ ತುಂಬಿದ್ರೆ ಮಾತ್ರ ಅದು ಬಿಡೋದು. ಅಂದ್ರೆ ಪೈಪು ಒಡೀಲಿ, ಗಾಳಿ ಸೋರಲಿ, ಪ್ರಳಯವೇ ಆಗಲಿ, ಈ ಬ್ರೇಕು ಇನ್ನೂ ಗಟ್ಟಿಯಾಗಿ ಕಚ್ಚುತ್ತೆ ಹೊರತು ಬಿಡಲ್ಲ. ಕಾರಿನ ಹಾಗಲ್ಲ ಇದು. ಇದಕ್ಕೆ ಕೆಡೋದು ಅಂದ್ರೇನೇ ನಿಲ್ಲೋದು. ಐವತ್ತು ವರ್ಷದಲ್ಲಿ ನಾನು ನೋಡಿಲ್ಲ, ನಿಲ್ಲಿಸಿದ ಲಾರಿ ತಾನಾಗೇ ಹೊರಟಿದ್ದನ್ನ. ಯಾರಾದ್ರೂ ಮೇಲೆ ಕೂತು ಕಾಲು ಜಾರಿಸಿದ್ರೆ ಮಾತ್ರ...

ಹಾಂ. ಅದಕ್ಕೇ ನೀನು ಹೆದರ್ಬೇಡ ಅಂದಿದ್ದು. ಗುಂಡಿ ತಳ್ಳು, ಹೋಗೋಣ.

ಹೋಗೋಣ ಅಂದೆ.

ಏನು?

...ಏನಂದೆ? ಗಟ್ಟಿಯಾಗಿ ಹೇಳು, ಇಂಜಿನ್ ಸದ್ದಲ್ಲಿ ಕೇಳಿಸಲ್ಲ ನನಗೆ.

ಓ. ಹಾಗಾದ್ರೆ ನೀಲಿ ಲಾರಿ ಬ್ರೇಕು ಹೇಗೆ ಹೋಯ್ತು ಅಂತಾನಾ.

ಅದು... ಅದು ಹಳೇದು ಕಣಮ್ಮಾ. ಅಂದ್ರೆ ಇದೂ ಹಳೇದೇ, ಅದು ಇನ್ನೂ ಹಳೇದು. ಅದರ ಸ್ಪ್ರಿಂಗು ಬೇರೆ ಥರ. ತುಕ್ಕು ಹಿಡಿದಿತ್ತು. ಅವತ್ತೇ ಹೇಳಿದ್ನಲ್ಲ, ಬ್ರೇಕು ಬಿಟ್ಕೊಳ್ತು, ಹಿಂದಕ್ಕೆ ಉರುಳ್ತು, ಬ್ರೆಂಟ್ ಲಾರಿ ಹಿಂಬಾಗಿಲ ಚಿಲಕ ಹಾಕ್ತಾ ಇದ್ದ, ಅವನ ಕಾಲು ಶೆಡ್ಡಿನ ಗೋಡೆಗೂ ಲಾರಿಗೂ ನಡುವೆ... ನಾನು ಒಳಗೆ ಸ್ಪ್ಯಾನರ್ ಹುಡುಕ್ತಾ ಇದ್ದೆ. ನೂರು ಸಲ ಹೇಳಿದೀನಿ ಇದನ್ನ. ನಿನ್ನ ಗಂಡನೂ ಅದನ್ನೇ ಹೇಳಿದಾನೆ. ಅವನು ಸುಳ್ಳು ಹೇಳ್ತಾನಾ ನಿನ್ನ ಹತ್ರ?

ರಿಪೇರಿನಾ? ಆಯ್ತು, ರಿಪೇರಿ ಆಯ್ತು. ಯಾರು ಅಂದ್ರೆ? ನಾನೇ ಮಾಡಿದೆ. ಮೆಕ್ಯಾನಿಕ್ ಯಾಕೆ ಬೇಕು? ...ಯಾವ ಭಾಗ ಬದಲಾಯಿಸಿದೆ ಅಂತ ಹೇಳಿದ್ರೆ ನಿನಗೆ ಅರ್ಥ ಆಗುತ್ತಾ? ನಿನ್ನೆ ತನಕ ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಿರಲಿಲ್ಲ, ಇವತ್ತು ಪಾಟೀಸವಾಲು!

ಬೇಜಾರು ಮಾಡ್ಕೋಬೇಡ. ಬಾಯಿ ತಪ್ಪಿ ಬಂತು. ನಂಗೆ ನಿದ್ದೆ ಇಲ್ಲ ಕಣಮ್ಮಾ ಈ ಮೂರು ವಾರ. ಕೂತಲ್ಲಿ ಕೂರಕ್ಕಾಗಲ್ಲ, ನಿಂತಲ್ಲಿ ನಿಲ್ಲಕ್ಕಾಗಲ್ಲ. ಗುಂಡಿ ತಳ್ಳು. ಎರಡನೇ ಗೇರು. ನೀನು ಓಡಿಸ್ತಾ ಇರು, ನಾನು ಒಂದು ಗುಟುಕು ಕಾಫಿ ಹಾಕ್ಕೊಳ್ತೀನಿ. ಈ ಫ್ಲಾಸ್ಕು... ಕೊತಕೊತ ಅಂತಿದೆ ಇನ್ನೂ. ತುಟಿ ಸುಡ್ತು. ನಿನಗೆ ಬೇಡ ತಾನೆ? ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ನಿಧಾನ... ಕಾಲು ಬಿಡು... ಇನ್ನೂ ಸ್ವಲ್ಪ...

ಏಯ್!

ಅಯ್ಯಯ್ಯೋ! ಏನಾಯ್ತೇ? ಯಾಕೆ ಹಾಗೆ ಒದ್ದೆ ಬ್ರೇಕನ್ನ? ಜಿಂಕೆ? ಎಲ್ಲಿ ಜಿಂಕೆ? ನಂಗೇನೂ ಕಾಣಲಿಲ್ಲ. ಇರಲಿ ಬಿಡು, ಒಳ್ಳೇದೇ ಆಯ್ತು, ಎಂಟನೇ ಸಲ. ಕಾಫಿ ಪೂರ್ತಿ ಹೋಯ್ತು. ಫ್ಲಾಸ್ಕು ಎಲ್ಲಿಗೆ ಉರುಳ್ತೋ... ನಿನ್ನ ಮೇಲೆ ಚೆಲ್ಲಲಿಲ್ಲ ತಾನೆ? ಕೈಗೆ? ಇಲ್ಲ? ಪುಣ್ಯ. ಸುಟ್ಟಿದ್ರೆ ಬ್ರೆಂಟ್ ನನ್ನ ಕೊಂದೇ ಹಾಕ್ತಿದ್ದ. ನಡುವಿಗೆ ತಾ. ಕೀಲಿ ತಿರುಗಿಸು. ಮತ್ತೆ ಶುರು ಮಾಡೋಣ.

ಎಲಿಡಾ? ತಿರುಗಿಸು ಅಂದೆ.

ಯಾಕೆ ಗುಂಡಿ ಎಳೆದೆ? ಯಾಕೆ ಹಾಗೆ ನೋಡ್ತೀಯ? ಏನಿದೆ ಕೆಳಗೆ? ನೆಲ ಆಮೇಲೆ ಒರೆಸಿದ್ರಾಯ್ತು...

ಓ.

ಇದಾ. ಎಡಗಾಲ ಮೇಲೆ ಚೆಲ್ಲಿದ್ದು... ಆಂ, ಸುಡ್ತಾ ಇದೆ. ಸುಡ್ತಾ ಇದೆ, ಹೌದು. ಅಬ್ಬ! ಈಗ ಗೊತ್ತಾಗ್ತಾ ಇದೆ. ಫ್ಲಾಸ್ಕು ಎತ್ತು ಆ ಕಡೆ... ಎತ್ತಿದೆಯಾ? ಬಟ್ಟೆ ಬೂಟು ನೋಡು, ಪೂರ್ತಿ ನೆನೆದುಹೋಗಿದೆ. ಹಬೆ ಬೇರೆ ಬರ್ತಾ ಇದೆ. ನಾನು ಮಾತಲ್ಲಿ ಗಮನಿಸ್ಲಿಲ್ಲ ಅಷ್ಟೇ. ವಯಸ್ಸಾದ ಚರ್ಮ ದಪ್ಪ ಆಗಿರುತ್ತೆ.

ಹಾಗೆ ನೋಡಬೇಡ ನನ್ನ.

ಬೂಟಿಗೆ ಯಾಕೆ ಕೈ ಹಾಕ್ತೀಯ?

ಬೇಡ, ಬಿಚ್ಚಬೇಡ. ಬೂಟಿನ ಲೇಸು ಬಿಡು. ಎಲಿಡಾ, ಬಿಡು ಅಂದೆ. ಮಾವನ ಕಾಲು ಹಿಡೀತೀಯಾ? ಬಿಡಮ್ಮಾ... ಕಾಲುಚೀಲ ಎಳೀಬೇಡ, ಚರ್ಮ ಬರುತ್ತೆ. ನೋಡು, ಕೆಂಪಗೆ ಬೊಬ್ಬೆ ಎದ್ದಿದೆಯಲ್ಲ. ...ಎಲ್ಲಿ ಒತ್ತಿದೆ? ಈಗಾ? ಒತ್ತಿದೆಯಾ? ಇಲ್ಲಮ್ಮಾ. ಗೊತ್ತಾಗ್ಲಿಲ್ಲ.

ಎರಡು ಚಳಿಗಾಲ ಆಯ್ತು. ಮೊದಲು ಹೆಬ್ಬೆರಳು. ಆಮೇಲೆ ಅಂಗಾಲು. ಈಗ ಹಿಮ್ಮಡಿ ತನಕ ಏನೂ ಇಲ್ಲ, ಮರದ ತುಂಡು. ಡಾಕ್ಟರು ಸಕ್ಕರೆ ಕಾಯಿಲೆ ಅಂದ್ರು. ಜೀವಮಾನ ಪೂರ್ತಿ ಸಕ್ಕರೆ ಬೆಳೆದವನಿಗೆ ಸಕ್ಕರೆ ಕಾಯಿಲೆ, ನಗು ಬರಲ್ವಾ ನಿನಗೆ? ಆಗ ನಗ್ತಾ ಇದ್ದೆಯಲ್ಲ. ...ನಗಬೇಡ, ಸರಿ. ಯಾರಿಗೂ ಹೇಳಲಿಲ್ಲ ನಾನು. ಹೇಳಿದ್ರೆ ಮೊದಲು ಕಿತ್ಕೊಳ್ಳೋದು ಲೈಸೆನ್ಸು. ಲಾರಿ ಹತ್ತದೆ ಇರೋ ಅಕ್ಟೋಬರ್ ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ಲಮ್ಮಾ. ನಿನ್ನತ್ತೆ ಆರ್ಡಿಸ್ ಸತ್ತ ವರ್ಷವೂ ಓಡಿಸಿದೆ ನಾನು. ಹೆಂಡತಿ ಮಣ್ಣಿಗೆ ಹೋದ ನಾಲ್ಕನೇ ದಿನ ಲಾರಿ ಹತ್ತಿದೆ, ಅದಕ್ಕೇ ಬದುಕಿದೆ.

ಕೈ ಯಾಕೆ ಚಾಚಿದೀಯ?

ಇಲ್ಲ. ನೀಲಿ ಲಾರಿ ಕೀಲಿ ಕೊಡಲ್ಲ. ಜೇಬಲ್ಲಿದೆ, ಇರಲಿ. ನೀನೊಬ್ಬಳೇ ಒಂದು ಲಾರಿಲಿ ಎಷ್ಟು ಹೊರ್ತೀಯ? ಯಂತ್ರ ಹೊಲದಲ್ಲಿ ಬಾಯ್ಬಿಟ್ಕೊಂಡು ನಿಂತಿರುತ್ತೆ, ಅರ್ಧ ಬೀಟು ನೆಲದಲ್ಲೇ ಹೆಪ್ಪುಗಟ್ಟುತ್ತೆ. ಹುಷಾರಾಗಿರ್ತೀನಿ. ಕಾಲನ್ನ ನೋಡ್ಕೊಂಡೇ ಓಡಿಸ್ತೀನಿ. ಪ್ರತಿ ಸಲ ಬಗ್ಗಿ ನೋಡ್ತೀನಿ, ಆಯ್ತಾ? ನೋಡಿದ್ರೆ ಎಲ್ಲಿದೆ ಅಂತ ಗೊತ್ತಾಗುತ್ತೆ...

ಬೈಯೋದಾದ್ರೂ ಬೈಯಮ್ಮಾ. ಹೀಗೆ ಕೈ ಚಾಚ್ಕೊಂಡೇ ಕೂರಬೇಡ. ನಿಮ್ಮಮ್ಮನೂ ಹೀಗೇ, ಒಂದು ಮಾತಾಡದೆ ನೋಡೋಳು.

ಹೌದು.

ಹೌದು. ಸ್ಪ್ಯಾನರ್ ಹುಡುಕ್ತಾ ಇರಲಿಲ್ಲ ನಾನು.

ನೀಲಿ ಲಾರಿ ಮೇಲೆ ಕೂತಿದ್ದೆ. ರಿವರ್ಸಲ್ಲಿತ್ತು. ಗುಂಡಿ ತಳ್ಳಿ ಆಗಿತ್ತು. ಕ್ಲಚ್ಚು ಒತ್ತಿ ಹಿಡ್ಕೊಂಡು ಕಾಯ್ತಾ ಇದ್ದೆ, ಬ್ರೆಂಟ್ ಚಿಲಕ ಹಾಕಿ ಪಕ್ಕಕ್ಕೆ ಬಂದು ಕೈ ಬೀಸ್ತೀನಿ ಅಂದಿದ್ದ. ಬ್ರೇಕಿಗೇನೂ ಆಗಿಲ್ಲ, ಹೊಸದರ ಹಾಗಿದೆ. ಆಂಬುಲೆನ್ಸ್ ಬರೋ ಮುಂಚೆ, ಆ ನೋವಲ್ಲೂ, ಅವನೇ ಅಂದ, 'ಅಪ್ಪಾ, ಬ್ರೇಕು ಹೋಯ್ತು ಅನ್ನು. ಎಲಿಡಾಗೂ ಅಷ್ಟೇ ಹೇಳೋಣ. ಆದ್ರೆ ಇನ್ನು ಮೇಲೆ ನೀನು ಹತ್ತಬಾರದು.' ಹತ್ತಲ್ಲ ಅಂದೆ. ಮಗನಿಗೆ ಮಾತು ಕೊಟ್ಟೆ. ಕೊಟ್ಟು ಇವತ್ತು ಬೆಳಿಗ್ಗೆ ಕೀಲಿ ಜೇಬಿಗೆ ಹಾಕ್ಕೊಂಡೆ. ಅವನ ಮೇಲೆ ಸಿಟ್ಟು ಮಾಡ್ಕೋಬೇಡ. ನಿನ್ನ ಹತ್ರ ಸುಳ್ಳು ಹೇಳಿದ್ದು ನನಗೋಸ್ಕರ.

ನಂಗೆ ಒತ್ತಿದೀನಿ ಅಂತಲೇ ಅನ್ನಿಸ್ತಿತ್ತು ಎಲಿಡಾ. ದೇವರಾಣೆ. ಲಾರಿ ಯಾಕೆ ಹಿಂದಕ್ಕೆ ಹೋಗ್ತಿದೆ ಅಂತ ಯೋಚನೆ ಮಾಡ್ತಾ ಕೂತಿದ್ದೆ. ಅವನು ಕಿರಿಚಿದ. ಮಗ ಕಿರಿಚ್ತಾ ಇದಾನೆ, ನಾನು ಇಳೀಲಿಲ್ಲ, ತಿರುಗಿಯೂ ನೋಡ್ಲಿಲ್ಲ. ಕೆಳಗೆ ಬಗ್ಗಿ ನನ್ನ ಕಾಲು ಎಲ್ಲಿದೆ ಅಂತ ಹುಡುಕ್ತಾ ಇದ್ದೆ.

...ತಗೋ. ಈ ಜೇಬಲ್ಲಿ. ಕೀಲಿ ನೀನೇ ತಗೋ, ನನ್ನ ಕೈಯಾರೆ ಕೊಡೋಕಾಗಲ್ಲ.